ಹಂದಿಗೆ ಹಾಕಿದ ಸಕ್ಕರೆ

ತರ್ಕಶಾಸ್ತ್ರದಲ್ಲಿ ಹೊಗೆಗೆ ಇರುವುದು ಒಂದೇ ಕೆಲಸ: ಬೆಂಕಿಯನ್ನು ಸಾಬೀತು ಮಾಡುವುದು. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ; ಹೇಗೆಂದರೆ, ಅಡುಗೆಮನೆಯಲ್ಲಿ ಇರುವಂತೆ. ಹಳೆಯ ನೈಯಾಯಿಕರಿಂದ ಹಿಡಿದು ಕುಮಟೆಯಲ್ಲಿ ಪಾಠ ಹೇಳುವ ನನ್ನವರೆಗೆ ಎಲ್ಲರೂ ಇದೇ ಉದಾಹರಣೆ ಕೊಟ್ಟು ಹೊಟ್ಟೆ ಹೊರೆದುಕೊಂಡು ಬಂದಿದ್ದೇವೆ. ಆದರೆ ಇಷ್ಟು ಶತಮಾನ ಅಡುಗೆಮನೆಯನ್ನು ಉದಾಹರಿಸಿದವರಲ್ಲಿ ಒಬ್ಬರಾದರೂ ಒಳಗೆ ಹೋಗಿ, ಕತ್ತು ಎತ್ತಿ, ಆ ಹೊಗೆಯಲ್ಲಿ ಏನು ನೇತಾಡುತ್ತಿದೆ ಎಂದು ನೋಡಿದಂತೆ ಕಾಣುವುದಿಲ್ಲ. ನೋಡಿದ್ದರೆ, ಕಡೇಪಕ್ಷ ನಮ್ಮ ಕಡೆಯ ಅಡುಗೆಮನೆಗಳಲ್ಲಿ, ಅವರಿಗೆ ಕಾಡುಹಂದಿಯ ಮಾಂಸ ಕಂಡಿರುತ್ತಿತ್ತು. ಬೆಂಕಿಯ ವಿಷಯ ಅಲ್ಲಿಗೇ ಮರೆತುಹೋಗುತ್ತಿತ್ತು.

ನಾನು ಹೀಗೆ ಹೊಗೆಯ ಪರವಾಗಿ ವಕೀಲಿ ಮಾಡುವುದಕ್ಕೆ ಸ್ವಂತ ಕಾರಣವೊಂದಿದೆ. ಅಪ್ಪನ ಬಗ್ಗೆ ನನಗಿರುವುದು ಒಂದೇ ಒಂದು ನೆನಪು, ಅದು ಪೂರ್ತಿ ಹೊಗೆಯೊಳಗಿದೆ. ಅವರು ತೀರಿಕೊಂಡಾಗ ನನಗೆ ನಾಲ್ಕು ವರ್ಷ ತುಂಬಿರಲಿಲ್ಲ. ಫೋಟೋ ತೆಗೆಸಿಕೊಳ್ಳುವಷ್ಟು ಉಳ್ಳವರಲ್ಲ, ಹಾಗಾಗಿ ಗೋಡೆಯ ಮೇಲೂ ಅವರಿಲ್ಲ. ಇರುವುದು ಇಷ್ಟೇ: ಕಾಯ್ಕಿಣಿಯ ನಮ್ಮ ಮನೆಯ ಒಲೆ, ಒಲೆಯ ಮೇಲೆ ಬಿದಿರ ದಬ್ಬೆಗಳ ಅಟ್ಟ, ಒಂದು ಮಣೆಯ ಮೇಲೆ ಹತ್ತಿ ನಿಂತ ಗಂಡಸು. ಹಂದಿಯ ಮಾಂಸದ ಉದ್ದುದ್ದ ಪಟ್ಟಿಗಳನ್ನು ಬೆತ್ತದ ಸೀಳಿಗೆ ಪೋಣಿಸಿ ಹೊಗೆಗೆ ತೂಗುಹಾಕುತ್ತಿದ್ದಾರೆ. ಕೆಳಗಿನಿಂದ ಬೆಳಕು ಬೀಳುತ್ತಿದೆ. ಮೊಣಕಾಲು ಕಾಣುತ್ತದೆ, ಕೈ ಕಾಣುತ್ತದೆ, ಮುಖ ಇರಬೇಕಾದಲ್ಲಿ ಹೊಗೆ; ಅದರ ವಾಸನೆ ಇನ್ನೂ ಮೂಗಿನಲ್ಲಿದೆ. ಅವರು ಹಿಂದಕ್ಕೆ ಕೈಚಾಚಿ ಯಾರಿಗೋ ಹೇಳುತ್ತಾರೆ: "ಸಕ್ಕರೆ ತಾ. ಇನ್ನೊಂದು ಮುಷ್ಟಿ ತಾ."

ಮುಗಿಯಿತು. ನನ್ನ ಪಿತ್ರಾರ್ಜಿತ ಆಸ್ತಿಯೆಲ್ಲ ಇಷ್ಟೇ.

ಇದನ್ನು ನಾನು ಚಿಕ್ಕಂದಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆ. ಆಮೇಲೆ ಧಾರವಾಡಕ್ಕೆ ಹೋಗಿ ನಾಲ್ಕಾರು ವರ್ಷ ಓದಿದ್ದು ತಪ್ಪಾಯಿತು. ಅಲ್ಲಿ ನನಗೆ ಕಲಿಸಿದ್ದೆಲ್ಲ ಸಂಶಯಪಡುವ ಕಲೆ. ಮೊದಲು ಅವರಿವರ ಮಾತಿನ ಮೇಲೆ, ಆಮೇಲೆ ಗ್ರಂಥಗಳ ಮೇಲೆ, ಕೊನೆಗೆ ಹಾಸ್ಟೆಲಿನ ಸಾರಿನ ಮೇಲೆ. ಒಂದು ದಿನ ಮಲಗಿಕೊಂಡು ಈ ನೆನಪನ್ನೂ ಕಟಕಟೆಗೆ ಹತ್ತಿಸಿದೆ. ಮೂರು ಮುಕ್ಕಾಲು ವರ್ಷದ ಮಗು ಇಷ್ಟು ನೆನಪಿಟ್ಟುಕೊಳ್ಳುತ್ತದೆಯೇ? ಯಾರೋ ಹೇಳಿದ್ದನ್ನು ಕೇಳಿ ಕಣ್ಣಲ್ಲಿ ಕಂಡದ್ದೆಂದು ಭ್ರಮಿಸಿರಬಾರದೇಕೆ? ಎಲ್ಲಕ್ಕಿಂತ ಮುಖ್ಯವಾಗಿ, ಹಂದಿಮಾಂಸಕ್ಕೆ ಸಕ್ಕರೆ ಹಾಕುವವರು ಯಾರು? ಒಂದು ಸಾಕ್ಷ್ಯದಲ್ಲಿ ಒಂದು ಸುಳ್ಳು ಸಿಕ್ಕರೆ ಇಡೀ ಸಾಕ್ಷಿಯನ್ನು ಇಳಿಸಿ ಮನೆಗೆ ಕಳಿಸುತ್ತಾರೆ. ಸಕ್ಕರೆ ಸುಳ್ಳಾದರೆ ಮಣೆ ಸುಳ್ಳು, ಕೈ ಸುಳ್ಳು, ಅಪ್ಪನೂ ಸುಳ್ಳು.

ಕೇಳಿ ತಿಳಿಯೋಣವೆಂದರೆ ಅಮ್ಮ ಈಗಿಲ್ಲ; ಇರುವಾಗ ಕೇಳಿದ್ದಕ್ಕೆ, "ನಂಗೆಂತ ಗೊತ್ತು, ನಿನ್ ತಂಗಿ ಹುಟ್ಟುವಾಗ ನಿನ್ನ ಅಪ್ಪನ ಹತ್ರ ಬಿಟ್ಟು ನಾನು ಹಳದೀಪುರದಲ್ಲೇ ಆರು ತಿಂಗ್ಳು ಇದ್ದೆ" ಎಂದು ಬಿಟ್ಟಿದ್ದಳು. ಅಪ್ಪ ಹೋದಮೇಲೆ ಅವಳು ನಮ್ಮಿಬ್ಬರನ್ನು ಕರೆದುಕೊಂಡು ಹಳದೀಪುರದ ತವರಿಗೇ ಬಂದುಬಿಟ್ಟಳು. ನಾನು ಬೆಳೆದದ್ದು ಸೋದರಮಾವನ ಮನೆಯಲ್ಲಿ. ಉಳಿದ ಸಾಕ್ಷಿ ಒಬ್ಬಳೇ: ಅಪ್ಪನ ತಂಗಿ ಮಾಸ್ತಮ್ಮತ್ತೆ. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಕಾಯ್ಕಿಣಿಯ ಅದೇ ಮನೆಗೆ, ಅದೇ ಒಲೆಗೆ ತಿರುಗಿ ಬಂದವಳು. ಕೆಲಸ ಸಿಕ್ಕ ವರ್ಷ ಅವಳನ್ನು ನೋಡಲು ಹೋದಾಗ, ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ ಕೂತು, ವಕೀಲರಂತೆ ಗಂಟಲು ಸರಿಮಾಡಿಕೊಂಡು ಕೇಳಿದೆ: "ಅತ್ತೆ, ಅಪ್ಪ ಹಂದಿಮಾಂಸಕ್ಕೆ ಸಕ್ಕರೆ ಹಾಕ್ತಿದ್ರಾ?"

ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ಸಕ್ಕರೆಯಾ?"

"ಹೌದು."

"ಹಂದಿಗಾ?"

ಆಮೇಲೆ ಅವಳು ನಕ್ಕ ನಗುವಿಗೆ ಅಂಗಳದ ಕೋಳಿಗಳು ಚದುರಿದವು. "ತಮಾ, ಆಗ ನಮ್ಮನೇಲಿ ಸಕ್ಕರೆ ಕಂಡವ್ರು ಯಾರು? ಚೌತಿಗೂ ಬೆಲ್ಲವೇ. ನಿಂಗೆ ಆಗ ನಾಕು ವರ್ಷವೂ ತುಂಬ್ಲಿಲ್ಲ. ಯಾರೋ ಎಂತದೋ ಹೇಳದ್ದು, ನೀನು ಎಂತದೋ ಕಂಡಿದ್ದು. ಧಾರವಾಡದಲ್ಲಿ ಇದನ್ನೇ ಕಲ್ಸದ್ರಾ?" ಎಂದಳು. ನಕ್ಕು ಮುಗಿಸಿದ ಮೇಲೆ ಮತ್ತೆ ಎಲೆಗೆ ಸುಣ್ಣ ಹಚ್ಚುತ್ತ, "ಅಣ್ಣನ ಮುಖ ನಂಗೇ ಈಗ ಸರಿ ನೆನಪಿಲ್ಲ" ಎಂದಳು.

ಅಂದು ಹೊನ್ನಾವರದಲ್ಲಿ ಶರಾವತಿ ದಾಟುವ ಲಾಂಚಿನಲ್ಲಿ ಕೂತು ನಾನು ನನ್ನ ಅಪ್ಪನನ್ನು ನೀರಿಗೆ ಬಿಟ್ಟೆ. ದುಃಖದಿಂದಲ್ಲ, ತಾತ್ವಿಕ ಕಾರಣಗಳಿಗಾಗಿ.

ಆದರೆ ಬಿಟ್ಟದ್ದು ತೇಲಿ ಬಂತು. ಎರಡು ಮೂರು ವರ್ಷದ ಮೇಲೆ ಕಾಲೇಜಿನ ಲೈಬ್ರರಿಯಲ್ಲಿ ಯಾವ ದೊರೆಯೋ ಬಿಟ್ಟುಹೋದ ಗೃಹಕೃತ್ಯದ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಅದರಲ್ಲಿ ಹಂದಿಯ ತೊಡೆಯನ್ನು ಕೆಡದಂತೆ ಇಡುವ ವಿಧಾನ ಬರೆದಿತ್ತು. ಉಪ್ಪಿನ ಜೊತೆಗೆ ಸಕ್ಕರೆ ತಿಕ್ಕಬೇಕಂತೆ! ನಿಂತಲ್ಲೇ ಮೂರು ಸಲ ಓದಿದೆ. ಇಂಗ್ಲೆಂಡಿನಲ್ಲಿ ಸಾಧ್ಯವಾದದ್ದು ಕಾಯ್ಕಿಣಿಯಲ್ಲಿ ಏಕೆ ಆಗಬಾರದು? ಪ್ರಯೋಗದಿಂದ ತಿಳಿಯಬಹುದಲ್ಲ. ಸಕ್ಕರೆ ಹಾಕಿ ಹೊಗೆಗಿಟ್ಟ ಮಾಂಸ ನನ್ನ ನೆನಪಿನ ವಾಸನೆಯನ್ನೇ ಕೊಟ್ಟರೆ ಅಪ್ಪ ನಿಜ. ಕೊಡದಿದ್ದರೆ ಅತ್ತೆ ನಿಜ.

ಮಾಂಸ ಕಷ್ಟವಾಗಲಿಲ್ಲ. ಕಾಲೇಜಿನ ಜವಾನ ತಿಮ್ಮಪ್ಪನ ಊರು ಕತಗಾಲದ ಹತ್ತಿರ. ಅವನ ಮಾವನಿಗೆ ಬೆಳೆ ಕಾಯಲು ಕೋವಿಯ ಪರವಾನಗಿ ಇತ್ತು. ಒಂದು ಭಾನುವಾರ ಬಸ್ಸಿನಲ್ಲಿ, ಸಾಗವಾನಿ ಎಲೆಯಲ್ಲಿ ಸುತ್ತಿದ ನನ್ನ ಪಾಲು ಬಂತು. ಕಷ್ಟವಾದದ್ದು ಸಕ್ಕರೆ. ಅದು ಆಗ ರೇಷನ್ ಅಂಗಡಿಯಲ್ಲಿ ಕಾರ್ಡಿಗೆ ಇಷ್ಟು ಎಂದು ಅಳೆದು ಕೊಡುತ್ತಿದ್ದ ಕಾಲ. ನನ್ನ ಹೆಂಡತಿ ಸಾವಿತ್ರಿ ತಿಂಗಳ ಸಕ್ಕರೆಯನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟು, ಇರುವೆಗೂ ಗಂಡನಿಗೂ ಸಿಗದಂತೆ ಕಾಪಾಡುತ್ತಿದ್ದಳು.

"ಅಷ್ಟೂ ಹಂದಿಗೆ ಹಾಕ್ತ್ರಿ?" ಎಂದಳು.

"ಇದು ಹಂದಿಯ ಪ್ರಶ್ನೆಯಲ್ಲ. ಅಪ್ಪನ ಪ್ರಶ್ನೆ."

"ಮಾವನೋರು ಬದ್ಕಿದ್ರೆ ನಿಮ್ಗೆ ಬೈತಿದ್ರು" ಎಂದಳು. ಆದರೆ ಡಬ್ಬಿ ಕೊಟ್ಟಳು. ಅವಳ ಮುಖ ನೋಡಿದರೆ, ಈ ಮನುಷ್ಯ ಒಮ್ಮೆ ಸೋತರೆ ಸುಮ್ಮನಾಗುತ್ತಾನೆ ಎಂಬ ಲೆಕ್ಕವಿದ್ದಂತಿತ್ತು.

ಇನ್ನೊಂದು ತೊಡಕು: ನಮ್ಮ ಬಾಡಿಗೆ ಮನೆಯಲ್ಲಿ ಸೀಮೆಎಣ್ಣೆಯ ಸ್ಟೋವು. ಆಧುನಿಕತೆಯಿಂದ ಹೊಗೆ ಬರುವುದಿಲ್ಲ, ಬರೀ ವಾಸನೆ ಬರುತ್ತದೆ. ಹಾಗಾಗಿ ಸ್ನಾನದ ನೀರು ಕಾಯಿಸುವ ಬಚ್ಚಲ ಒಲೆಯ ಮೇಲೆ ಅಡ್ಡ ಕೋಲು ಕಟ್ಟಿದೆ. ಪುಸ್ತಕದಲ್ಲಿ ಉಪ್ಪು ಹೆಚ್ಚು, ಸಕ್ಕರೆ ಸ್ವಲ್ಪ ಎಂದಿತ್ತು. ಆದರೆ ನನ್ನ ಅಪ್ಪ 'ಇನ್ನೊಂದು ಮುಷ್ಟಿ' ಎಂದವರು. ಪುಸ್ತಕವನ್ನು ಪಕ್ಕಕ್ಕಿಟ್ಟು ಪಿತೃವಾಕ್ಯ ಪಾಲಿಸಿದೆ. ಒಂದಿಷ್ಟು ಉಪ್ಪು, ಅರಿಸಿನ, ಖಾರದಪುಡಿ, ಮೇಲೆ ಮುಷ್ಟಿ ಮುಷ್ಟಿ ಸಕ್ಕರೆ. ಹಸಿ ತೆಂಗಿನ ಸಿಪ್ಪೆ ಒಟ್ಟಿ ಹೊಗೆ ಎಬ್ಬಿಸಿದೆ.

ಮೊದಲ ದಿನ ಸಕ್ಕರೆ ಕರಗಿ ನೀರಿನ ಹಂಡೆಗೆ ತೊಟ್ಟಿಕ್ಕಿತು. ಎರಡನೆಯ ದಿನ ಕೊಬ್ಬೂ ತೊಟ್ಟಿಕ್ಕಿತು. ಆ ನೀರಿನಲ್ಲಿ ಮಿಂದು ಕಾಲೇಜಿಗೆ ಹೋದ ದಿನ ಮುಂದಿನ ಬೆಂಚಿನವರು ಎದ್ದು ಹಿಂದಕ್ಕೆ ಹೋದರು. ಮೂರನೆಯ ದಿನ ಗೋಡೆಯ ಮೇಲೆ ಇರುವೆಗಳ ಸಾಲು ಕಾಣಿಸಿತು. ಎಷ್ಟು ಶಿಸ್ತಿನ ಸಾಲೆಂದರೆ, ಎಲ್ಲೋ ಒಂದು ಕಡೆ ಅವುಗಳಿಗೂ ರೇಷನ್ ಕಾರ್ಡ್ ಕೊಟ್ಟಿರಬೇಕು. ನಾಲ್ಕನೆಯ ದಿನ ಬಚ್ಚಲಿನಿಂದ ಹುಳಿಹುಳಿಯಾದ, ಕಳ್ಳಿನಂಥ ಘಾಟು ಹೊರಟಿತು.

ಆಗ ಬಂದವರು ಪಕ್ಕದ ಮನೆಯ ಪಾಂಡು ಮಾಮ. ಕಿರಾಣಿ ಅಂಗಡಿಯವರು, ಕೊಂಕಣಿ ಮಾತಿನವರು, ಮೀನು ಬಿಟ್ಟರೆ ಬೇರೆ ಪ್ರಾಣಿಯನ್ನು ಮನೆಯೊಳಗೆ ಬಿಡದವರು. ಬೇಲಿಯ ಆಚೆ ನಿಂತು ತಗ್ಗಿದ ದನಿಯಲ್ಲಿ ಕರೆದರು: "ಮಾಸ್ತರ್ರೆ, ಸಿಟ್ಟು ಮಾಡ್ಬೇಡಿ. ಬಚ್ಚಲಲ್ಲಿ ನಾಕು ದಿವ್ಸದಿಂದ ಹೊಗೆ. ಮನೇಲಿ ಸಕ್ಕರೆ ಇಲ್ಲ ಅಂತ ನಿಮ್ಮನೆ ಬಾಯಿಯವ್ರು ನಿನ್ನೆ ನಮ್ಮನೇಲಿ ಕೇಳಿದ್ರು. ಈಗ ಈ ವಾಸ್ನೆ. ನಾನು ಯಾರಿಗೂ ಹೇಳೂದಿಲ್ಲ. ಆದ್ರೆ ಪಾನನಿರೋಧದವ್ರ ಮೂಗು ಚುರುಕು."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಹೊಗೆ, ಮಾಯವಾದ ಸಕ್ಕರೆ, ಹುಳಿ ವಾಸನೆ: ಆದ್ದರಿಂದ ಕಳ್ಳಭಟ್ಟಿ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನೂ ತರ್ಕಶಾಸ್ತ್ರ ಹೇಳುವ ಅನುಮಾನವನ್ನು ಇಷ್ಟು ಶುದ್ಧವಾಗಿ ಕಟ್ಟಿದ್ದಿಲ್ಲ. ಅವರ ಮುಂದೆ 'ಹಂದಿ' ಎನ್ನುವುದು ಹೇಗೆ? ಮರ್ಯಾದೆಗಾಗಿ ಇಂಗ್ಲಿಷಿನ ಮೊರೆಹೊಕ್ಕೆ.

"ಅದಲ್ಲ ಮಾಮ. ಮೀಟ್, ಮೀಟ್."

ಅವರು ಹುಬ್ಬು ಗಂಟಿಕ್ಕಿದರು. "ಮೀಟ? ಉಪ್ಪಿಗೆ ಎಂತಕ್ಕೆ ಹೊಗೆ ಹಾಕ್ತ್ರಿ?"

ಕೊಂಕಣಿಯಲ್ಲಿ ಉಪ್ಪಿಗೆ ಮೀಟ ಎನ್ನುತ್ತಾರೆ. ಸಾಣಿಕಟ್ಟೆಯಿಂದ ಬಂದ ಉಪ್ಪಿನ ಮೂಟೆ ಅವರ ಅಂಗಡಿಯ ಬಾಗಿಲಲ್ಲೇ ಇರುತ್ತಿತ್ತು. ಉಪ್ಪಿಗೆ ಹೊಗೆ ಹಾಕುತ್ತೇನೆಂಬ ಮೇಷ್ಟರು ಸುಳ್ಳನ್ನೂ ಸರಿಯಾಗಿ ಹೇಳಲು ಬಾರದವರೆಂದು ಅವರಿಗೆ ಖಾತ್ರಿಯಾಗಿರಬೇಕು. "ಆತು, ಆತು" ಎಂದು ಮರುಕದಿಂದ ತಲೆಯಾಡಿಸಿ ಹೋದರು. ಆ ಸಂಜೆಯೇ ನಾನು ಪ್ರಯೋಗವನ್ನು ಹಿತ್ತಲ ಕಾಫಿಗಿಡದ ಬುಡದಲ್ಲಿ ಹೂತೆ. ಆ ಗಿಡವೂ ಬದುಕಲಿಲ್ಲ.

ಆದರೆ ಮಾಮನ ಮಾತು ತಲೆಯಲ್ಲಿ ಉಳಿಯಿತು. ಅವರ 'ಮೀಟ' ಉಪ್ಪು. ಭಟ್ಕಳದ ಪೇಟೆಗೆ ಹೋದರೆ ಉರ್ದು ಮಾತಿನವರಿಗೆ 'ಮೀಠಾ' ಎಂದರೆ ಸಿಹಿ. ಎರಡು ತಾಸಿನ ದಾರಿಯಲ್ಲಿ ಒಂದು ಮಾತು ಸಮುದ್ರದಿಂದ ಮಿಠಾಯಿ ಅಂಗಡಿಗೆ ಹೋಗಿ ಕೂತದ್ದು ಹೇಗೆ? ಕೋಶಗಳನ್ನು ತಿರುವಿದೆ. ಎರಡಕ್ಕೂ ಬೇರು ಒಂದೇ ಎನ್ನುತ್ತಾರೆ ಬಲ್ಲವರು. ನಮ್ಮ ಮೃಷ್ಟಾನ್ನದಲ್ಲಿರುವ ಮೃಷ್ಟವೇ, ಅಂದರೆ ರುಚಿಯಾದದ್ದು. ಒಬ್ಬರು ರುಚಿ ಎಂದು ಸಕ್ಕರೆಯ ಕಡೆ ಬೆರಳು ತೋರಿಸಿದರು, ಇನ್ನೊಬ್ಬರು ಉಪ್ಪಿನ ಕಡೆ. ಸ್ವಾರಸ್ಯವಾಗಿದೆ ಎಂದು ಡೈರಿಯಲ್ಲಿ ಗುರುತು ಹಾಕಿಕೊಂಡೆ. ಕಣ್ಣೆದುರಿಗೆ ಬಂದು ನಿಂತ ಉತ್ತರವನ್ನು ಟಿಪ್ಪಣಿ ಮಾಡಿಕೊಂಡು ಮರೆತುಬಿಡುವುದು ವಿದ್ಯಾವಂತರಿಗೆ ಮಾತ್ರ ಸಾಧ್ಯ.

ಆ ಡಿಸೆಂಬರ್ ರಜೆಯಲ್ಲಿ ನಾನೂ ಸಾವಿತ್ರಿಯೂ ನಾಲ್ಕು ದಿನ ಇರಲೆಂದು ಕಾಯ್ಕಿಣಿಗೆ ಹೋದೆವು. ನನ್ನ ಪ್ರಯೋಗದ ಕಥೆಯನ್ನು ಸಾವಿತ್ರಿ ಅಂಗಳದಲ್ಲಿ ಚಪ್ಪಲಿ ಬಿಡುವ ಮೊದಲೇ ಹೇಳಿ ಮುಗಿಸಿದಳು. ಅತ್ತೆ ಎರಡು ದಿನ ನಗುತ್ತಲೇ ಇದ್ದಳು. ಬಂದವರಿಗೆಲ್ಲ, "ಇವ ನಮ್ಮಣ್ಣನ ಮಗ. ಹಂದಿಯ ಪಾಯ್ಸ ಮಾಡೂಕೆ ಹೊರಟವ" ಎಂದು ಪರಿಚಯಿಸಿದಳು.

ಮೂರನೆಯ ದಿನ ಮಧ್ಯಾಹ್ನ ಆಚೆಕೇರಿಯವರ ಶೇಂಗಾ ಗದ್ದೆಯಲ್ಲಿ ಹಂದಿ ಬಿತ್ತು. ಕೊಯ್ದು, ಪಾಲು ಮಾಡಿ, ನಮ್ಮ ಮನೆಗೆ ತಲುಪುವಾಗ ಸೂರ್ಯ ಮುಳುಗಿದ್ದ. ಮಾಂಸ ಬೆಳಗಿನವರೆಗೆ ಕಾಯುವುದಿಲ್ಲ. ಅತ್ತೆ ತುಳಸಿಗೆ ದೀಪವಿಟ್ಟು ಬಂದು, ಸೆರಗು ಬಿಗಿದು, ಮೆಟ್ಟುಕತ್ತಿಯ ಮುಂದೆ ಕೂತಳು. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಅವಳ ಕೆಲಸದಲ್ಲಿ ಅವಸರವೇ ಇರಲಿಲ್ಲ. ಮಾಂಸವನ್ನು ಅದರ ನಾರಿನ ಉದ್ದಕ್ಕೇ ಸೀಳಿ, ಬೆರಳಿನಷ್ಟು ದಪ್ಪ ಉಳಿಸಿ, ಕೊಬ್ಬನ್ನು ಬೇರೆ ಇಟ್ಟಳು. ಒಲೆಯಲ್ಲಿ ಉರಿ ಇರಲಿಲ್ಲ, ಕೆಂಡದ ಮೇಲೆ ಒದ್ದೆ ಸಿಪ್ಪೆ, ಬರೀ ಹೊಗೆ. "ಉರಿ ಮಾಡಿದ್ಯೋ, ಬೆಂದ್ಹೋತು. ಹೊಗೆ ತಣ್ಣಗಿರ್ಬೇಕು. ನೀನು ಬಚ್ಚಲಲ್ಲಿ ಮಾಡದ್ದು ಶ್ರಾದ್ಧ" ಎಂದಳು ನನಗೆ. ಪಟ್ಟಿಗಳಿಗೆ ಅರಿಸಿನ ಸವರಿ, ಪಕ್ಕದ ಮಡಕೆಗೆ ಕೈಹಾಕಿದಳು; ಬೆರಳು ಬರಿದಾದ ತಳ ಕೆರೆದದ್ದು ಕೇಳಿಸಿತು.

ಹಿಂದಕ್ಕೆ ಕೈಚಾಚಿ, ತಿರುಗಿ ನೋಡದೆ, ಸಾವಿತ್ರಿಗೆ ಹೇಳಿದಳು: "ತಂಗಿ, ಸಕ್ಕರೆ ತಾ."

ಸಾವಿತ್ರಿ ಅಲ್ಲಾಡಲಿಲ್ಲ. ಅವಳ ದನಿಯಲ್ಲಿ ದುಃಖವೇ ಇತ್ತು. "ನೀವೂನಾ ಅತ್ತೆ?"

"ಎಂತ ನಾನೂನಾ? ಆ ಮೂಲೆ ಭರಣಿಯಲ್ಲಿ ಉಂಟು. ತಾ ಬೇಗ."

ಸಾವಿತ್ರಿ ಮೂಲೆಯ ಭರಣಿಯ ಮುಚ್ಚಳ ತೆಗೆದು, ಒಳಗೆ ನೋಡಿ, ಒಂದು ಕಾಳು ನಾಲಿಗೆಗೆ ಇಟ್ಟುಕೊಂಡಳು. "ಇದು ಉಪ್ಪು" ಎಂದಳು.

"ಶ್ಶ್!" ಅತ್ತೆ ಕೆಲಸ ಬಿಟ್ಟು ತಿರುಗಿದಳು. "ದೀಪ ಹಚ್ಚಾದ್ಮೇಲೆ ಅದ್ರ ಹೆಸ್ರು ಹೇಳೂದಾ? ನಿಮ್ಮನೇಲಿ ಎಂತ ಕಲ್ಸದ್ರು ನಿಂಗೆ? ಹೆಸ್ರು ಹಿಡ್ದ್ರೆ ಮನೆಯಿಂದ ಹೊರಟುಹೋತದೆ ಅದು. ನಮ್ಮಬ್ಬೆ ಇದ್ದಿದ್ರೆ ನಿನ್ ಬಾಯಿಗೆ ಹೊಡೀತಿದ್ಳು. ಹೊತ್ತು ಮುಳುಗಿದ್ಮೇಲೆ ಈ ಮನೇಲಿ ಅದು ಸಕ್ಕರೆ."

ಹಳದೀಪುರದ ಮಾವನ ಮನೆಯಲ್ಲಿ ಈ ನಿಯಮವೇ ಇರಲಿಲ್ಲ. ಅಲ್ಲಿ ಉಪ್ಪು ಇಪ್ಪತ್ತನಾಲ್ಕು ತಾಸೂ ಉಪ್ಪು. ನಾನು ಕಂಬ ಬಿಟ್ಟು ಒಲೆಯ ಹತ್ತಿರ ಬಂದೆ.

"ಅತ್ತೆ, ಆವತ್ತು ನಾನು ಕೇಳಿದಾಗ ಇದನ್ನ ಏಕೆ ಹೇಳಲಿಲ್ಲ?"

"ಯಾವತ್ತು?"

"ಅಪ್ಪ ಹಂದಿಗೆ ಸಕ್ಕರೆ ಹಾಕ್ತಿದ್ರಾ ಅಂತ ಕೇಳಿದೆನಲ್ಲ, ಜಗಲಿಯಲ್ಲಿ."

"ಅದು ಮಧ್ಯಾನ ಅಲ್ವನಾ ತಮಾ" ಎಂದಳು, ಇಷ್ಟು ಸರಳವಾದದ್ದು ತಿಳಿಯದೇ ಎಂಬಂತೆ. "ಹಗಲಿಗೆ ಸಕ್ಕರೆ ಅಂದ್ರೆ ಸಕ್ಕರೆ."

ಆಮೇಲೆ ಅವಳಿಗೂ ಏನೋ ಹೊಳೆಯಿತು. ಅರಿಸಿನದ ಕೈಯನ್ನು ಮಡಿಲ ಮೇಲಿಟ್ಟುಕೊಂಡು ನನ್ನನ್ನೇ ನೋಡಿದಳು.

ನನ್ನ ತಲೆಯಲ್ಲಿ ಅಷ್ಟು ಹೊತ್ತಿಗೆ ತರ್ಕದ ಐದೂ ಅವಯವಗಳ, ಅಂದರೆ ಐದೂ ಮೆಟ್ಟಿಲುಗಳ, ಅನುಮಾನ ಓಡುತ್ತಿತ್ತು. ಈ ಕಥೆಯನ್ನು ಯಾರಾದರೂ ನನಗೆ ಹೇಳಿ ಕೇಳಿಸಿದ್ದರೆ, ಹೇಳುವವರು ಅರ್ಥ ಬಿಡಿಸಿ 'ಉಪ್ಪು ತಾ ಎಂದ' ಎನ್ನುತ್ತಿದ್ದರು. ಸಕ್ಕರೆ ಎಂದು ಹೇಳಿ ಮಗುವಿಗೆ ಕಥೆ ಕಟ್ಟುವ ಹುಚ್ಚು ಯಾರಿಗಿದೆ? ಸಕ್ಕರೆ ಎಂಬ ಮಾತು ನನ್ನ ಕಿವಿಗೆ ಬಿದ್ದಿರಬೇಕಾದರೆ ನಾನು ಅಲ್ಲಿದ್ದಿರಬೇಕು; ದೀಪ ಹಚ್ಚಿದ ಮೇಲೆ, ಈ ಒಲೆಯ ಮುಂದೆ. ಅಷ್ಟು ವರ್ಷ ಯಾವ ತಪ್ಪಿಗಾಗಿ ಸಾಕ್ಷಿಯನ್ನು ಇಳಿಸಿ ಕಳಿಸಿದ್ದೆನೋ ಆ ತಪ್ಪೇ ಅದರ ಮೊಹರಾಗಿತ್ತು. ಉಪ್ಪು ಎಂದು ಸರಿಯಾಗಿ ನೆನಪಿಟ್ಟುಕೊಂಡಿದ್ದರೆ ನಾನು ಅದನ್ನು ನಂಬುವಂತೆಯೇ ಇರಲಿಲ್ಲ.

ಸಂಶಯ ಪೂರ್ತಿ ಬಿಡಲಿಲ್ಲ, ನಿಜ. "ಮಣೆ ಹತ್ತಿದವರು ಬೇರೆ ಯಾರಾದರೂ ಆಗಿರಬಹುದಲ್ಲ?" ಎಂದೆ.

"ಬೇರೆ ಯಾರು?" ಎಂದಳು ಅತ್ತೆ. "ಅಟ್ಟ ಕೈಗೆ ಎಟಕದವ ಈ ಮನೇಲಿ ಅವ್ನೊಬ್ನೇ. ನಿನ್ನಪ್ಪ ಕುಳ್ಳ. ಎಂತ ತೂಗ್ಹಾಕೂಕೂ ಅವ್ನಿಗೆ ಮಣೆ ಬೇಕಿತ್ತು. ನಾನು ನಗಾಡ್ತಿದ್ದೆ, ಅವ ಸಿಟ್ಟು ಮಾಡ್ತಿದ್ದ."

ನನ್ನ ಅಪ್ಪ ಕುಳ್ಳ ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನೆನಪಿನಲ್ಲಿ ಅವರು ಹೊಗೆ ಮುಟ್ಟುವಷ್ಟು ಎತ್ತರವಿದ್ದರು.

ಅತ್ತೆ ಭರಣಿಯನ್ನು ಹತ್ತಿರ ಎಳೆದುಕೊಂಡಳು. ಪಟ್ಟಿಗಳಿಗೆ ತಿಕ್ಕಿದಳು, ತಿರುಗಿಸಿ ತಿಕ್ಕಿದಳು. ಆಮೇಲೆ, ನನ್ನನ್ನು ನೋಡದೆ, ಎಂದೂ ಕೇಳದ ಸಣ್ಣ ದನಿಯಲ್ಲಿ ಕೇಳಿದಳು:

"ಮತ್ತೆ ಎಂತ ಹೇಳ್ದ ಅವ?"

ಇಷ್ಟು ವರ್ಷ ನಾನು ಅವಳಿಂದ ಸಾಕ್ಷ್ಯ ಬೇಡುತ್ತಿದ್ದೆ. ಈಗ ಅವಳು ನನ್ನಿಂದ ಬೇಡುತ್ತಿದ್ದಳು. ಅವಳ ಅಣ್ಣ ಮಾತಾಡಿದ್ದನ್ನು ಕೇಳಿದ ಕಿವಿಗಳಲ್ಲಿ ಉಳಿದದ್ದು ಎರಡೇ ಜೊತೆ, ಅವಳದು ಮರೆತಿತ್ತು. ಏನಾದರೂ ಸೇರಿಸಿ ಹೇಳಿಬಿಡಲೇ ಅನ್ನಿಸಿತು. ನಾಲಿಗೆಯ ತುದಿಗೆ ಒಂದೆರಡು ಮಾತು ಬಂದೂ ಬಂದವು. ಆದರೆ ಸಂಶಯ ಕಲಿತದ್ದಕ್ಕೆ ಒಂದು ದಿನವಾದರೂ ಮರ್ಯಾದೆ ಕೊಡಬೇಕಲ್ಲ.

"ಇನ್ನೊಂದು ಮುಷ್ಟಿ ತಾ ಅಂದ್ರು. ಅಷ್ಟೇ ಅತ್ತೆ."

ಅವಳು ತಲೆಯಾಡಿಸಿದಳು. ತಿಕ್ಕಿ ಮುಗಿದಿತ್ತು, ಸಾಕಷ್ಟು ಆಗಿತ್ತು. ಅದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಭರಣಿಗೆ ಕೈಹಾಕಿ ಇನ್ನೊಂದು ಮುಷ್ಟಿ ತೆಗೆದು ಮಾಂಸದ ಮೇಲೆ ಸುರಿದಳು. "ಅವ ಹೇಳ್ದ ಅಂದ್ಮೇಲೆ ಆತು" ಎಂದಳು. ನೀರೆಲ್ಲ ಬಸಿದ ಮೇಲೆ, ಆ ರಾತ್ರಿಯೇ, ಅವಳು ಪೋಣಿಸಿ ಕೊಟ್ಟಳು, ನಾನು ತೂಗುಹಾಕಿದೆ. ನನಗೂ ಮಣೆ ಬೇಕಾಯಿತು.

ಮಳೆಗಾಲ ಹಿಡಿಯುವ ಹೊತ್ತಿಗೆ ಆ ಮಾಂಸದ ಅರ್ಧಪಾಲು ಕುಮಟೆಗೆ ಬಂತು; ಕಪ್ಪಗೆ, ಗಟ್ಟಿಯಾಗಿ, ನನ್ನ ನೆನಪಿನ ವಾಸನೆಯನ್ನೇ ಹೊತ್ತುಕೊಂಡು. ಒಂದು ಮುಷ್ಟಿ ಹೆಚ್ಚಾದದ್ದು ಮಾತ್ರ ಯಾವ ಅಡುಗೆಯಲ್ಲೂ ಅಡಗಲಿಲ್ಲ. ಮೂರು ನೀರಿನಲ್ಲಿ ನೆನೆಸಿಟ್ಟರೂ ನಾಲಿಗೆ ಕಚ್ಚುವಷ್ಟು ಉಪ್ಪು. ಮಧ್ಯಾಹ್ನದ ಊಟಕ್ಕೆ ಬಡಿಸಿದರೆ ಸಾವಿತ್ರಿಗೆ ಹಾಗೆಯೇ ಹೇಳುತ್ತೇನೆ. ಸಂಜೆ ದೀಪ ಹಚ್ಚಿದ ಮೇಲೆ ಬಡಿಸಿದರೆ, ಸ್ವಲ್ಪ ಸಿಹಿ ಮುಂದಾಯಿತು ಎನ್ನುತ್ತೇನೆ. ಎನ್ನುತ್ತಲೇ ಇನ್ನೊಂದು ತುಂಡು ಹಾಕಿಸಿಕೊಳ್ಳುತ್ತೇನೆ.